ಎಸ್.ಪಿ. ರಸ್ತೆಯಲ್ಲಿ ಒಂದು ಚೀಟಿ

ಬೆಂಗಳೂರನ್ನು ನೋಡಬಂದವರು ಲಾಲ್‌ಬಾಗಿನ ಗಾಜಿನ ಮನೆಯ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ವಿಧಾನಸೌಧದ ಮೆಟ್ಟಿಲುಗಳನ್ನು ದೂರದಿಂದಲೇ ನೋಡಿ ಬೆರಗಾಗುತ್ತಾರೆ. ಬಸವನಗುಡಿಯ ದೊಡ್ಡ ಬಸವಣ್ಣನಿಗೆ ಕೈಮುಗಿದು ಹಿಂದಿರುಗುತ್ತಾರೆ. ಎಸ್.ಪಿ. ರಸ್ತೆಯನ್ನು ನೋಡುವುದಕ್ಕೆಂದೇ ಬಂದ ಪ್ರವಾಸಿ ಇದ್ದಂತಿಲ್ಲ. ಆ ಬೀದಿಗೆ ಬರುವವನ ಕೈಯಲ್ಲಿ ಕ್ಯಾಮೆರಾ ಇರುವುದಿಲ್ಲ. ಒಂದು ಚೀಟಿ ಇರುತ್ತದೆ. ಚೀಟಿಯಲ್ಲಿ ಬರೆದುದನ್ನು ಕೊಂಡು ಹೋಗುವವರು ಹಲವರು. ಚೀಟಿಯನ್ನೇ ತಿದ್ದಿಸಿಕೊಂಡು ಹೋಗುವವರು ಕೆಲವರು. ಈ ಎರಡನೆಯ ವರ್ಗದವರೇ ಭಾಗ್ಯವಂತರು.

ಸಾದರ ಪತ್ರಪ್ಪ ರಸ್ತೆ ಎಂಬ ಅದರ ಪೂರ್ಣ ನಾಮಧೇಯವನ್ನು ಈಗ ನೆನೆಯುವವರು ವಿರಳ. 1935ರಲ್ಲಿ ಕಟ್ಟಿದ ಪುಟ್ಟಣ್ಣಚೆಟ್ಟಿ ಪುರಭವನದಿಂದ ಅದು ಕೆಲವೇ ನಿಮಿಷಗಳ ನಡಿಗೆ. ಮೆಟ್ರೋ ರೈಲಿನಲ್ಲಿ ಬರುವವರು ಕೃಷ್ಣರಾಜೇಂದ್ರ ಮಾರುಕಟ್ಟೆಯ ನಿಲ್ದಾಣದಲ್ಲಿಳಿದು, ಹೂವಿನ ಪರಿಮಳವನ್ನೂ ಬಸ್ಸುಗಳ ಹೊಗೆಯನ್ನೂ ದಾಟಿಕೊಂಡು ಬರಬಹುದು. 1537ರಲ್ಲಿ ಕೆಂಪೇಗೌಡರು ನಿರ್ಮಿಸಿದ ಊರಿನ ಹಳೆಯ ಪೇಟೆಗಳ ಅಂಚು ಇದು. ಕುಂಬಾರಪೇಟೆ, ಅಕ್ಕಿಪೇಟೆ, ಬಳೇಪೇಟೆ—ಒಂದೊಂದು ಕಸುಬಿಗೆ ಒಂದೊಂದು ಬೀದಿ ಎಂಬುದು ಈ ಊರು ಹುಟ್ಟಿದಂದಿನ ಪದ್ಧತಿ. ಆ ಪದ್ಧತಿ ಇಂದಿಗೂ ಅಳಿದಿಲ್ಲ. ಮೋಟಾರಿನ ಬಿಡಿಭಾಗ ಬೇಕಾದವರು ಜೆ.ಸಿ. ರಸ್ತೆಗೆ ಹೋಗುತ್ತಾರೆ. ಕಂಪ್ಯೂಟರಿನ ಬಿಡಿಭಾಗ ಬೇಕಾದವರು ಎಸ್.ಪಿ. ರಸ್ತೆಗೆ ಬರುತ್ತಾರೆ. ಕಂಪ್ಯೂಟರುಪೇಟೆ ಎಂದು ಯಾರೂ ಹೆಸರಿಡಲಿಲ್ಲ, ಅಷ್ಟೆ.

ಬೀದಿ ಕಿರಿದು. ನೆತ್ತಿಯ ಮೇಲೆ ತಂತಿಗಳ ಗೋಜಲು. ಅದರ ಕೆಳಗೆ ಒಂದರ ಮೇಲೊಂದು ಏರಿದ ಫಲಕಗಳು. ಹತ್ತಡಿ ಅಗಲದ ಮಳಿಗೆಯೊಳಗೆ ಸೂರಿನವರೆಗೂ ರಟ್ಟಿನ ಪೆಟ್ಟಿಗೆಗಳು. ಮಳಿಗೆಗಳ ನಡುವೆ ಕತ್ತಲೆಯ ಮೆಟ್ಟಿಲು. ಅದನ್ನು ಹತ್ತಿದರೆ ಮೇಲೆ ಮತ್ತೊಂದು ಪೇಟೆ. ಅಲ್ಲಿ ತರುಣರು ಬೆಸುಗೆಯ ಕಡ್ಡಿ ಹಿಡಿದು, ಸತ್ತ ಬೋರ್ಡುಗಳ ಮೇಲೆ ಬಾಗಿ ಕುಳಿತಿರುತ್ತಾರೆ. ಕನ್ನಡ, ಹಿಂದಿ, ಉರ್ದು, ತಮಿಳು, ಮಾರವಾಡಿ—ಒಂದು ವ್ಯಾಪಾರ ಮುಗಿಯುವುದರೊಳಗೆ ಮೂರು ಭಾಷೆಗಳು ಬಂದುಹೋಗುತ್ತವೆ. ಭಾನುವಾರ ಬಹುಮಟ್ಟಿಗೆ ಬಾಗಿಲು ಮುಚ್ಚಿರುವುದರಿಂದ ಶನಿವಾರದಂದು ಕಾಲಿಡಲೂ ಸ್ಥಳವಿರುವುದಿಲ್ಲ.

2025ರ ಡಿಸೆಂಬರಿನ ಅಂಥದೊಂದು ಶನಿವಾರ, ಹನುಮಂತನಗರದ ಒಬ್ಬ ನಿವೃತ್ತ ಬ್ಯಾಂಕು ನೌಕರರೂ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದ ಅವರ ಮಗನೂ ಈ ಬೀದಿಯನ್ನು ಹೊಕ್ಕರು. ಹುಡುಗನ ಅಂಗಿಯ ಜೇಬಿನಲ್ಲಿ ಚೀಟಿಯಿತ್ತು. ತಂದೆಯ ಒಳಜೇಬಿನಲ್ಲಿ 30,000 ರೂಪಾಯಿಗಳಿದ್ದುವು. ಅದರಲ್ಲಿ ಅರ್ಧ, ಹುಡುಗ ಎರಡು ವರ್ಷ ನೆರೆಮನೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಕೂಡಿಸಿದ್ದು.

ಮನೆಯಲ್ಲಿದ್ದ ಯಂತ್ರ 2016ರದು. ಹುಡುಗನ ಅಕ್ಕ ತನ್ನ ಮೊದಲ ಸಂಬಳದ ಹಣಕ್ಕೆ ಇನ್ನಷ್ಟು ಸೇರಿಸಿ, ಇದೇ ಬೀದಿಯಲ್ಲಿ ಒಂದೊಂದೇ ಭಾಗವನ್ನು ಆರಿಸಿ ಕಟ್ಟಿಸಿದ್ದು. ಈಗ ಅವಳು ಪುಣೆಯಲ್ಲಿದ್ದಾಳೆ. ಶನಿವಾರ ರಾತ್ರಿ ಊಟವಾದ ಮೇಲೆ ಅಕ್ಕ ಅಲ್ಲಿಂದ, ತಮ್ಮ ಇಲ್ಲಿಂದ, ಒಂದೇ ಆಟದೊಳಗೆ ಸಂಧಿಸಿ ಎರಡು ಗಂಟೆಯ ಕಾಲ ಆಡುವುದು ಅವರ ವಾಡಿಕೆ. ಆಟಕ್ಕಿಂತ ಮಾತೇ ಹೆಚ್ಚು. ಆದರೆ ಒಂದು ವರ್ಷದಿಂದ ತಮ್ಮನ ಯಂತ್ರ ಹಿಂದೆ ಬೀಳತೊಡಗಿತ್ತು. ಅಕ್ಕ ಹೊಸ ನಗರದೊಳಗೆ ಕಾಲಿಟ್ಟು ನಾಲ್ಕು ನಿಮಿಷ ಕಳೆದರೂ ತಮ್ಮನ ತೆರೆಯ ಮೇಲೆ ಗಾಲಿ ಸುತ್ತುತ್ತಲೇ ಇರುತ್ತಿತ್ತು. “ನಾಳೆ ಬೇಗ ಏಳಬೇಕು ಕಣೋ” ಎಂದು ಅವಳು ಎದ್ದುಹೋಗುವುದು ಹೆಚ್ಚಾಯಿತು. ಒಂದು ವಾರ ಕರೆಯೇ ಬರಲಿಲ್ಲ. ಮನೆಯಲ್ಲಿ ಯಾರೂ ಈ ಮಾತನ್ನೆತ್ತಲಿಲ್ಲ. ಆದರೆ ಮುಂದಿನ ಶನಿವಾರ ತಂದೆ ತಾವಾಗಿಯೇ ಚಪ್ಪಲಿ ಮೆಟ್ಟಿಕೊಂಡರು.

ಚೀಟಿಯಲ್ಲಿ ಒಂದೇ ಸಾಲಿತ್ತು: ಗ್ರಾಫಿಕ್ಸ್ ಕಾರ್ಡು, ದೊಡ್ಡದು.

ಮೂಲೆಯ ಮಳಿಗೆಯೊಂದರ ಗಲ್ಲೆಯ ಹಿಂದೆ ಕುಳಿತಿದ್ದ ಹಿರಿಯರು ಚೀಟಿಯನ್ನು ಓದಿ ಮೇಜಿನ ಮೇಲಿಟ್ಟರು. ಬೆಲೆ ಹೇಳಲಿಲ್ಲ.

“ಕಾರ್ಡು ಕೊಡ್ತೀನಿ ಸಾರ್, ನನ್ನ ವ್ಯಾಪಾರವೇ ಅದು. ಮೊದಲು ಇದು ಹೇಳಪ್ಪ: ಆಟ ನಿಧಾನವೋ, ಇಲ್ಲಾ ಮುಗ್ಗರಿಸುತ್ತೋ?”

ಹುಡುಗ ಕ್ಷಣಕಾಲ ಯೋಚಿಸಿದ. “ಮುಗ್ಗರಿಸುತ್ತೆ. ಸ್ವಲ್ಪ ಹೊತ್ತು ಚೆನ್ನಾಗೇ ಹೋಗುತ್ತೆ, ಆಮೇಲೆ ನಿಂತುಬಿಡುತ್ತೆ.”

“ಹಾಗಿದ್ದರೆ ಬರಿ ಕಾರ್ಡಿನ ತಪ್ಪಲ್ಲ. ಒಳಗೆ ಏನೇನಿದೆ, ಎಲ್ಲಾ ಹೇಳು.”

ಎಸ್.ಪಿ. ರಸ್ತೆಯಲ್ಲಿ ಕೊಳ್ಳಲು ಬಂದವರಿಗೆ ಸಿಗಬಹುದಾದ ಅತ್ಯಂತ ಬೆಲೆಬಾಳುವ ವಸ್ತು ಈ ಪ್ರಶ್ನೆ. ಅದಕ್ಕೆ ಹಣ ಕೊಡಬೇಕಾಗಿಲ್ಲ. ಆದರೆ ಅದನ್ನು ಕೇಳುವ ಮಳಿಗೆ ಸಿಗುವವರೆಗೆ ನಾಲ್ಕು ಮಳಿಗೆಗಳನ್ನು ಹತ್ತಿಳಿಯಬೇಕಾಗುತ್ತದೆ.

ಯಾರು ಯಾರನ್ನು ಕಾಯಿಸುತ್ತಿದ್ದಾರೆ?

ಕಂಪ್ಯೂಟರಿನ ಆಟವೆಂಬುದು ಮದುವೆಯ ಮನೆಯ ಅಡಿಗೆಯಂತೆ ಹಲವರ ಕೆಲಸ. ಪ್ರೊಸೆಸರು ಆಟದ ಲೆಕ್ಕಾಚಾರವನ್ನು ಮಾಡುತ್ತದೆ: ಯಾರು ಎಲ್ಲಿದ್ದಾರೆ, ಚೆಂಡು ಎತ್ತ ಸಿಡಿಯಬೇಕು, ರಸ್ತೆಯಲ್ಲಿ ಎಷ್ಟು ಗಾಡಿಗಳು. ಆ ಲೆಕ್ಕವನ್ನು ಪಡೆದು ಚಿತ್ರ ಬರೆಯುವುದು ಗ್ರಾಫಿಕ್ಸ್ ಕಾರ್ಡು. ಕೈಗೆಟಕುವಂತೆ ಸಾಮಾನು ಹರವಿಕೊಳ್ಳುವ ಜಗುಲಿ ರ್‍ಯಾಮ್ ಎಂಬ ಮೆಮೊರಿ, ಉಗ್ರಾಣವೇ ಡಿಸ್ಕು. ಇವೆಲ್ಲಕ್ಕೂ ಉರುವಲು ಒದಗಿಸುವುದು ಎಸ್.ಎಂ.ಪಿ.ಎಸ್. ಎಂಬ ವಿದ್ಯುತ್ ಪೆಟ್ಟಿಗೆ. ಉಗ್ರಾಣದಿಂದ ಬೇಳೆ ಬರುವುದು ತಡವಾದರೆ, ಎಂಥ ನಿಪುಣ ಬಾಣಸಿಗನನ್ನು ಕರೆತಂದರೂ ಸಾರು ಬೇಗ ಕುದಿಯುವುದಿಲ್ಲ.

ಸೆಕೆಂಡಿಗೆ 60 ಚಿತ್ರಗಳು ತೆರೆಯ ಮೇಲೆ ಮೂಡಬೇಕಾದರೆ ಒಂದು ಚಿತ್ರಕ್ಕೆ ದೊರೆಯುವ ಅವಕಾಶ ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ 16.7 ಮಾತ್ರ. ಅಷ್ಟರಲ್ಲಿ ಯಾರೊಬ್ಬರು ತಡಮಾಡಿದರೂ ಉಳಿದವರೆಲ್ಲ ಕೈಕಟ್ಟಿ ನಿಲ್ಲಬೇಕು. ಆದ್ದರಿಂದ ಹಳೆಯ ಯಂತ್ರದ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ “ಯಾವ ಭಾಗ ಹಳೆಯದು?” ಎಂಬುದಲ್ಲ, ಎಲ್ಲವೂ ಹಳೆಯವೇ. “ಯಾರು ಯಾರನ್ನು ಕಾಯಿಸುತ್ತಿದ್ದಾರೆ?” ಎಂಬುದೇ ಸರಿಯಾದ ಪ್ರಶ್ನೆ.

ಅದನ್ನು ತಿಳಿಯುವ ಉಪಾಯ ಮನೆಯಲ್ಲಿಯೇ ಇದೆ, ಕಾಸಿನ ಖರ್ಚಿಲ್ಲ. ಆಟ ನಡೆಯುತ್ತಿರುವಾಗ ವಿಂಡೋಸಿನ ಟಾಸ್ಕ್ ಮ್ಯಾನೇಜರನ್ನು ತೆರೆದು ನೋಡಬಹುದು. ಗ್ರಾಫಿಕ್ಸ್ ಕಾರ್ಡು ನೂರಕ್ಕೆ 97–99ರಷ್ಟು ದುಡಿಯುತ್ತಿದ್ದರೆ ಬೆವರುತ್ತಿರುವುದು ಅದೇ. ಕಾರ್ಡು ಅರೆಹೊಟ್ಟೆಯಲ್ಲಿದ್ದು ಪ್ರೊಸೆಸರು ತುಂಬಿ ತುಳುಕುತ್ತಿದ್ದರೆ ದೋಷ ಪ್ರೊಸೆಸರಿನದು. ಇನ್ನೊಂದು ಪರೀಕ್ಷೆಯೂ ಉಂಟು. 1920×1080 ಎಂಬ ಚಿತ್ರದ ಅಳತೆಯಲ್ಲಿ ಸುಮಾರು 20,74,000 ಚುಕ್ಕೆಗಳಿರುತ್ತವೆ. ಅದನ್ನು 1280×720ಕ್ಕೆ ಇಳಿಸಿದರೆ ಚುಕ್ಕೆಗಳು 9,21,600ಕ್ಕೆ ಇಳಿದು, ಕಾರ್ಡಿನ ಹೊರೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಆಗ ಆಟ ಚುರುಕಾದರೆ ಅಡ್ಡಿ ಕಾರ್ಡಿನದಾಗಿತ್ತು. ಏನೂ ಬದಲಾಗದಿದ್ದರೆ ಹೊಸ ಕಾರ್ಡು ತಂದರೂ ಏನೂ ಬದಲಾಗದು.

ಹುಡುಗ ಈ ಪರೀಕ್ಷೆಗಳನ್ನು ಮಾಡಿದ್ದ, ಆದರೆ ಫಲವನ್ನು ನಂಬಿರಲಿಲ್ಲ. ಹಳೆಯ ಓಟದ ಆಟದಲ್ಲಿ ಅಳತೆ ಇಳಿಸಿದೊಡನೆ ವೇಗ ಏರಿತ್ತು. ಅಕ್ಕನೊಡನೆ ಆಡುವ ನಗರದ ಆಟದಲ್ಲಿ ಮಾತ್ರ ಅಳತೆ ಇಳಿಸಿದರೂ ಸೆಕೆಂಡಿಗೆ ಎರಡು ಫ್ರೇಮೂ ಹೆಚ್ಚಿರಲಿಲ್ಲ. ಪ್ರೊಸೆಸರು ನೂರು, ಡಿಸ್ಕು ನೂರು, 8 ಜಿ.ಬಿ. ಮೆಮೊರಿಯಲ್ಲಿ ಬರಿದಾದ ಸ್ಥಳವೇ ಇರಲಿಲ್ಲ.

“ನೋಡಿದೆಯಾ, ಉತ್ತರ ಜೇಬಿನಲ್ಲಿಟ್ಟುಕೊಂಡೇ ಬಂದಿದ್ದೀಯ” ಎಂದರು ಹಿರಿಯರು.

ಉಗ್ರಾಣವೂ ಜಗುಲಿಯೂ

ಯಂತ್ರದೊಳಗಿದ್ದ ಹಾರ್ಡ್ ಡಿಸ್ಕು ನಿಮಿಷಕ್ಕೆ 7,200 ಸುತ್ತು ತಿರುಗುವಂಥದು. ಕೇಳಲು ಇದು ಭಾರಿ ವೇಗ. ಆದರೆ ಸೆಕೆಂಡಿಗೆ 120 ಸುತ್ತು ಮಾತ್ರ. ಬೇಕಾದ ಮಾಹಿತಿ ಸೂಜಿಯ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಸೂಜಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವ ಹೊತ್ತು ಬೇರೆ. ಹೀಗೆ ಚೆಲ್ಲಾಪಿಲ್ಲಿಯಾಗಿರುವ ಸಣ್ಣ ತುಣುಕುಗಳನ್ನು ಹೆಕ್ಕುವಾಗ ಅದು ಸೆಕೆಂಡಿಗೆ ನೂರರ ಆಸುಪಾಸು ಸಲ ಮಾತ್ರ ಕೈನೀಡಬಲ್ಲುದು. ತಿರುಗುವ ತಟ್ಟೆಯೇ ಇಲ್ಲದ ಎಸ್.ಎಸ್.ಡಿ. ಇದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. ಒಂದು ದಶಕದ ಹಳೆಯ ಯಂತ್ರಕ್ಕೆ ಇಷ್ಟು ಕಡಿಮೆ ಹಣದಲ್ಲಿ ಇಷ್ಟು ಹೆಚ್ಚು ಜೀವ ತುಂಬುವ ಭಾಗ ಮತ್ತೊಂದಿಲ್ಲ.

2020ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎಂಬ ಆಟದ ಪೆಟ್ಟಿಗೆಗಳು ಬಿಡುಗಡೆಯಾದುವು. ಎರಡರಲ್ಲಿಯೂ 8 ಕೋರುಗಳ ಪ್ರೊಸೆಸರು, 16 ಜಿ.ಬಿ. ಮೆಮೊರಿ, ಎಸ್.ಎಸ್.ಡಿ. ದೊಡ್ಡ ಆಟಗಳನ್ನು ರಚಿಸುವವರು ಆಮೇಲೆ ಇದನ್ನೇ ಅಳತೆಗೋಲಾಗಿ ಹಿಡಿದರು. ಹುಡುಗನ ಯಂತ್ರದಲ್ಲಿದ್ದುದು 2015ರ ಕೋರ್ ಐ5-6500: ನಾಲ್ಕು ಕೋರು. ಮೆಮೊರಿ 8 ಜಿ.ಬಿ., ಅದೂ ಒಂದೇ ಕಡ್ಡಿ. ಎರಡು ಕಡ್ಡಿಗಳನ್ನು ಜೋಡಿಯಾಗಿ ಹಾಕಿದರೆ ಪ್ರೊಸೆಸರಿಗೆ ಎರಡು ಬಾಗಿಲುಗಳಿಂದ ಸರಕು ಬರುತ್ತದೆ; ಒಂದೇ ಕಡ್ಡಿಯಿದ್ದರೆ ಎರಡನೆಯ ಬಾಗಿಲಿಗೆ ಬೀಗ. 2016ರಲ್ಲಿ ಅಕ್ಕ “ಇನ್ನೊಂದು ಕಡ್ಡಿ ಆಮೇಲೆ ಹಾಕಿಸೋಣ” ಎಂದು ಬಿಟ್ಟದ್ದು ಒಂಬತ್ತು ವರ್ಷ ಹಾಗೆಯೇ ಉಳಿದಿತ್ತು.

ಮೆಮೊರಿಯ ಮಾತು ಬಂದಾಗ ಹಿರಿಯರ ಮುಖ ಸ್ವಲ್ಪ ಗಂಭೀರವಾಯಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಅಪಾರವಾಗಿ ಕೊಳ್ಳತೊಡಗಿದುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಅದರ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತ್ತು. ಎಲ್ಲಿಯೋ ದೂರದೇಶದ ಒಂದು ನಿರ್ಧಾರ ಎಸ್.ಪಿ. ರಸ್ತೆಯ ಗಲ್ಲೆಯ ಮೇಲೆ ಬಂದು ಕುಳಿತಿತ್ತು. ಹಳೆಯ ಬೋರ್ಡಿಗೆ ಬೇಕಾದುದು ಡಿ.ಡಿ.ಆರ್. 4 ಜಾತಿಯ ಕಡ್ಡಿ. ಹೊಸದಾದ ಡಿ.ಡಿ.ಆರ್. 5 ಅದಕ್ಕೆ ಕೂಡುವುದೇ ಇಲ್ಲ. ಕಡ್ಡಿಯ ಕೆಳಗಿನ ಕಚ್ಚಿನ ಸ್ಥಾನವೇ ಬೇರೆ. ಆದ್ದರಿಂದ ಮೇಲಿನ ಮಹಡಿಯಲ್ಲಿ ಪರೀಕ್ಷಿಸಿ ಕೊಡುವ ಹಳೆಯ ಕಡ್ಡಿಯೇ ಸಾಕು ಎಂಬುದು ಅವರ ಸಲಹೆ. ಮೆಮೊರಿಗೆ ಸವೆಯುವ ಅಂಗವಿಲ್ಲ. ಒಂದು ಗಂಟೆ ತಪ್ಪಿಲ್ಲದೆ ಓಡಿದ ಕಡ್ಡಿಯನ್ನು ಬಹುಮಟ್ಟಿಗೆ ನಂಬಬಹುದು.

ಪ್ರಲೋಭನೆಯ ಪೆಟ್ಟಿಗೆ

ಆದರೂ ಹುಡುಗನ ಕಣ್ಣು ಗೋಡೆಯ ಮೇಲಿನ ಕಾರ್ಡುಗಳನ್ನು ಬಿಟ್ಟಿರಲಿಲ್ಲ. ಮೂರು ಫ್ಯಾನು, ಬಣ್ಣಬಣ್ಣದ ದೀಪ, ಇಟ್ಟಿಗೆಯ ಗಾತ್ರ. ತಂದೆಯೂ ಆ ನೋಟವನ್ನು ಕಂಡರು. ಮೂವತ್ತು ಸಾವಿರವನ್ನೂ ಅಲ್ಲಿಯೇ ಸುರಿದುಬಿಟ್ಟರೆ ಮಗನ ಮುಖ ಅರಳುವುದೆಂದು ಅವರಿಗೆ ಗೊತ್ತಿತ್ತು. ಎಷ್ಟು ದಿನ ಅರಳಿರುವುದೆಂದು ಗೊತ್ತಿರಲಿಲ್ಲ.

ಹಿರಿಯರು ಬೆರಳು ಮಡಿಚಿ ಎಣಿಸಿದರು. ಮನೆಯಲ್ಲಿರುವ ಜಿ.ಟಿ.ಎಕ್ಸ್. 1050 ಟಿಐ ಕಾರ್ಡಿಗೆ 75 ವ್ಯಾಟು ಸಾಕು. ಬೋರ್ಡಿನ ಗಾಡಿಯಿಂದಲೇ ಅದಕ್ಕೆ ಅಷ್ಟೂ ದೊರೆಯುತ್ತದೆ. ದೊಡ್ಡ ಕಾರ್ಡುಗಳಿಗೆ ಎಸ್.ಎಂ.ಪಿ.ಎಸ್.ನಿಂದ ಪ್ರತ್ಯೇಕ ತಂತಿ ಬೇಕು: ಆರು ಕಡ್ಡಿಯ ತಂತಿ 75 ವ್ಯಾಟು, ಎಂಟು ಕಡ್ಡಿಯದು 150 ವ್ಯಾಟು ಕೊಡುತ್ತದೆ. ಹುಡುಗನ ವಿದ್ಯುತ್ ಪೆಟ್ಟಿಗೆಯಲ್ಲಿ ಅಂಥ ತಂತಿಯೇ ಇಲ್ಲ. ಎರಡನೆಯದು ಉದ್ದ: ಕಾರ್ಡು ಕ್ಯಾಬಿನೆಟ್ಟಿನಲ್ಲಿ ಹಿಡಿಸುವುದೇ ಎಂದು ಟೇಪು ಹಿಡಿದು ಅಳೆಯದೆ ಕೊಂಡವರು ಸೋಮವಾರ ಮತ್ತೆ ಈ ಬೀದಿಗೆ ಬರುತ್ತಾರೆ. ಮೂರನೆಯದೇ ಮುಖ್ಯ: ನಾಲ್ಕು ಕೋರಿನ ಪ್ರೊಸೆಸರು ಲೆಕ್ಕ ಒಪ್ಪಿಸುವವರೆಗೆ ಆ ಕಾರ್ಡು ದೀಪ ಹಚ್ಚಿಕೊಂಡು ಸುಮ್ಮನೆ ಕೂರುತ್ತದೆ.

“ಹಾಗಾದರೆ ಪ್ರೊಸೆಸರನ್ನೇ ಬದಲಾಯಿಸೋಣ” ಎಂದ ಹುಡುಗ.

ಅದೇ ಬೋರ್ಡಿನಲ್ಲಿ ಕೂರುವ ಐ7-6700 ಮೇಲಿನ ಮಹಡಿಯಲ್ಲಿ ಹಳೆಯ ಸರಕಾಗಿ ಸಿಗುತ್ತಿತ್ತು. ಕೋರು ನಾಲ್ಕೇ ಆದರೂ ಏಕಕಾಲಕ್ಕೆ ಎಂಟು ಕೆಲಸಗಳನ್ನು ನಡೆಸಬಲ್ಲುದು. ಅಲ್ಲಿಗೆ ಆ ಬೋರ್ಡಿನ ದಾರಿ ಬಹುಮಟ್ಟಿಗೆ ಮುಗಿಯಿತು. ಅಷ್ಟೇ ಅಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತ್ತು. ಮನೆಬಳಕೆಯವರು ಹೆಸರು ನೋಂದಾಯಿಸಿದರೆ ಭದ್ರತೆಯ ತಿದ್ದುಪಡಿಗಳು 2026ರ ಅಕ್ಟೋಬರಿನವರೆಗೆ ದೊರೆಯುವಂತಿತ್ತು. ವಿಂಡೋಸ್ 11 ಇಂಟೆಲ್ ಪ್ರೊಸೆಸರುಗಳಲ್ಲಿ ಸಾಮಾನ್ಯವಾಗಿ ಎಂಟನೆಯ ತಲೆಮಾರಿನಿಂದೀಚಿನವನ್ನು ಮಾತ್ರ ಅಧಿಕೃತವಾಗಿ ಒಪ್ಪುತ್ತದೆ. ಐ5-6500 ಆಗಲಿ ಐ7-6700 ಆಗಲಿ ಆರನೆಯ ತಲೆಮಾರಿನದು. ಒಂದು ವರ್ಷದೊಳಗೆ ಬಿಡಬೇಕಾದ ಬೋರ್ಡಿಗೆ ಹೊಸ ಒಡವೆ ತೊಡಿಸುವುದು ಜಾಣತನವಲ್ಲ.

ಎಲ್ಲ ಹಳೆಯ ಯಂತ್ರಗಳ ಹಣೆಬರಹವೂ ಇದೇ ಎನ್ನುವಂತಿಲ್ಲ. 2017ರಲ್ಲಿ ಎ.ಎಂ.ಡಿ.ಯ ರೈಜೆನ್ ಪ್ರೊಸೆಸರಿನೊಡನೆ ಎ.ಎಂ. 4 ಎಂಬ ಜಾತಿಯ ಬೋರ್ಡು ಕೊಂಡವರಲ್ಲಿ ಅನೇಕರು, ಬೋರ್ಡಿನ ತಂತ್ರಾಂಶವನ್ನು ಮಾತ್ರ ನವೀಕರಿಸಿ, 2022ರ 5800ಎಕ್ಸ್3ಡಿ ಪ್ರೊಸೆಸರನ್ನು ಅದೇ ಬೋರ್ಡಿನಲ್ಲಿ ಕೂರಿಸಲು ಸಾಧ್ಯವಾಯಿತು. ಅಂಥವರಿಗೆ ಪ್ರೊಸೆಸರು ಬದಲಿಸುವುದೇ ಉತ್ತಮ ಮಾರ್ಗ. ಒಂದೇ ಕಾಯಿಲೆಗೆ ಎರಡು ಮನೆಗಳಲ್ಲಿ ಎರಡು ಔಷಧ.

ಬಾಡಿಗೆ ಮನೆಯ ನ್ಯಾಯ

ಇಷ್ಟು ಹೊತ್ತು ಸುಮ್ಮನಿದ್ದ ತಂದೆ ಆಗ ಬಾಯಿಬಿಟ್ಟರು. ವರ್ಗಾವಣೆಯ ಉದ್ಯೋಗದಲ್ಲಿ ಅವರು ಏಳು ಊರು, ಹನ್ನೊಂದು ಬಾಡಿಗೆ ಮನೆಗಳನ್ನು ಕಂಡವರು.

“ಬಾಡಿಗೆ ಮನೆಗೆ ಯಾರೂ ನೆಲ ಹಾಕಿಸೋದಿಲ್ಲ ಕಣೋ. ಬೀರು ಕೊಳ್ತಾರೆ. ಮನೆ ಬಿಡುವಾಗ ಲಾರಿಗೆ ಏರಿಸಿಕೊಂಡು ಹೋಗಬಹುದು. ಇದರಲ್ಲಿ ನೆಲ ಯಾವುದು, ಬೀರು ಯಾವುದು ಅಂತ ನೋಡು.”

ಹಿರಿಯರು ನಕ್ಕು, ಚೀಟಿಯ ಹಿಂಬದಿಯಲ್ಲಿ ಒಂದು ಗೆರೆ ಎಳೆದರು. ಗೆರೆಯ ಎಡಕ್ಕೆ ನೆಲ: ಮದರ್‌ಬೋರ್ಡು, ಪ್ರೊಸೆಸರು, ಮೆಮೊರಿ. ಇವು ಮೂರೂ ಒಂದನ್ನೊಂದು ಹಿಡಿದುಕೊಂಡಿರುವ ಅವಿಭಕ್ತ ಕುಟುಂಬ; ಒಂದು ಹೊರಟರೆ ಸಾಮಾನ್ಯವಾಗಿ ಮೂರೂ ಹೊರಡುತ್ತವೆ. ಬಲಕ್ಕೆ ಬೀರು: ಎಸ್.ಎಸ್.ಡಿ., ಎಸ್.ಎಂ.ಪಿ.ಎಸ್., ಗ್ರಾಫಿಕ್ಸ್ ಕಾರ್ಡು, ಕ್ಯಾಬಿನೆಟ್ಟು, ಮಾನಿಟರು. ಇವು ಮುಂದಿನ ಯಂತ್ರಕ್ಕೂ ಜೊತೆಯಲ್ಲಿ ಬರುತ್ತವೆ. ಎಡಕ್ಕಿರುವುದಕ್ಕೆ, ಅತ್ಯವಶ್ಯವಾದರೆ ಮಾತ್ರ, ಅಗ್ಗದ್ದನ್ನು ಹಾಕು. ಬಲಕ್ಕಿರುವುದಕ್ಕೆ ಒಳ್ಳೆಯದನ್ನು ಕೊಳ್ಳು. ಹಳೆಯ ಯಂತ್ರವನ್ನು ದುರಸ್ತಿ ಮಾಡಿಸುವ ಶಾಸ್ತ್ರವೆಲ್ಲ ಆ ಒಂದು ಗೆರೆಯಲ್ಲಿ ಅಡಗಿತ್ತು.

ಈ ಗೆರೆಯ ಪ್ರಕಾರ ಮೊದಲ ಖರೀದಿ ಎಸ್.ಎಸ್.ಡಿ. ಹಳೆಯ ಬೋರ್ಡಿನಲ್ಲಿ ಹೊಸ ಬಗೆಯ ಎಂ. 2 ಗಾಡಿ ಇರಲಿಲ್ಲವಾದ್ದರಿಂದ ಎರಡೂವರೆ ಅಂಗುಲದ ಸಾಟಾ ಜಾತಿಯದನ್ನು ಆರಿಸಿದರು. ಎರಡನೆಯದು 8 ಜಿ.ಬಿ.ಯ ಹಳೆಯ ಕಡ್ಡಿ. ಮೂರನೆಯದನ್ನು ಕಂಡು ಹುಡುಗನಿಗೆ ಬೇಸರವಾಯಿತು: ಹೊಸ ಎಸ್.ಎಂ.ಪಿ.ಎಸ್. ಅದರಿಂದ ಆಟಕ್ಕೆ ಒಂದು ಫ್ರೇಮೂ ಹೆಚ್ಚುವುದಿಲ್ಲ. ಆದರೆ ಮನೆಯಲ್ಲಿದ್ದುದು ಹೆಸರಿಲ್ಲದ, ಒಂಬತ್ತು ವರ್ಷದ ಹಳೆಯ ಪೆಟ್ಟಿಗೆ. ಉಳಿದ ಯಾವ ಭಾಗ ಕೆಟ್ಟರೂ ಸಾಮಾನ್ಯವಾಗಿ ತಾನೊಂದೇ ಕೆಡುತ್ತದೆ. ಇದು ಕೆಟ್ಟರೆ ನೆರೆಯವರನ್ನೂ ಕರೆದುಕೊಂಡು ಹೋಗಬಹುದು. ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಬೆಂಗಳೂರಿಗೆ ಬಂದು ಬೀದಿದೀಪಗಳನ್ನು ಹೊತ್ತಿಸಿತು. ಅಂದಿನಿಂದ ಕರೆಂಟು ಹೋಗುವುದೂ ಬರುವುದೂ ಈ ಊರಿಗೆ ಹೊಸದಲ್ಲ. ಆ ಏರಿಳಿತದ ಪೆಟ್ಟನ್ನೆಲ್ಲ ಮೊದಲು ತಿನ್ನುವುದು ಈ ಪೆಟ್ಟಿಗೆಯೇ. ಮೇಲೆ 80 ಪ್ಲಸ್ ಎಂಬ ದಕ್ಷತೆಯ ಮುದ್ರೆಯುಳ್ಳ, 550 ವ್ಯಾಟಿನ, ದೊಡ್ಡ ಕಾರ್ಡಿಗೆ ಬೇಕಾಗುವ ತಂತಿಯುಳ್ಳ ಒಂದನ್ನು ಆರಿಸಲಾಯಿತು. ಬೀರು ಬಂತು, ಬಟ್ಟೆ ಆಮೇಲೆ.

ಗ್ರಾಫಿಕ್ಸ್ ಕಾರ್ಡನ್ನು ಅಂದು ಕೊಳ್ಳಲಿಲ್ಲ. ಉಳಿದ ಹಣ, ಮೂವತ್ತು ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು, ತಂದೆಯ ಒಳಜೇಬಿಗೇ ಹಿಂದಿರುಗಿತು. ಅದು ಬರುವ ವರ್ಷದ ಬೋರ್ಡಿಗೆ ಇಡುಗಂಟು. ಡಿ.ಡಿ.ಆರ್. 4 ಒಪ್ಪುವ ಬೋರ್ಡನ್ನೇ ಆಗಲೂ ಹುಡುಕಿದರೆ ಎರಡು ಕಡ್ಡಿಗಳೂ ಹೊಸ ಮನೆಗೆ ಬಂದಾವು.

ಪೇಟೆಯ ಎಚ್ಚರಿಕೆಗಳು

ಮೆಟ್ಟಿಲ ಬಳಿ ಒಬ್ಬ ದಲ್ಲಾಳಿ ಹುಡುಗನ ಕಿವಿಯಲ್ಲಿ “ಹಳೇ ಕಾರ್ಡು ಇದೆ, ಅರ್ಧ ರೇಟು” ಎಂದು ಪಿಸುಗುಟ್ಟಿದ. ಹಳೆಯ ಕಾರ್ಡೆಂದರೆಲ್ಲ ಕೆಟ್ಟದ್ದೇನಲ್ಲ. ಆದರೆ ಅದರ ಪೂರ್ವಾಶ್ರಮವನ್ನು ವಿಚಾರಿಸಬೇಕು. 2020ರಿಂದ 2022ರವರೆಗೆ ಲಕ್ಷಾಂತರ ಕಾರ್ಡುಗಳು ಈಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆಯಲ್ಲಿ ಹಗಲಿರುಳೂ ದುಡಿದುವು. 2022ರ ಸೆಪ್ಟೆಂಬರ್ 15ರಂದು ಆ ವ್ಯವಸ್ಥೆ ಬದಲಾಗಿ ಅವು ಒಮ್ಮೆಲೇ ನಿರುದ್ಯೋಗಿಗಳಾದುವು. ಹಲವು ಒರೆಸಿ ಹೊಳಪು ಕೊಟ್ಟು ಮಾರುಕಟ್ಟೆಗೆ ಬಂದುವು. ಹಳೆಯ ಕಾರ್ಡು ಕೊಳ್ಳುವವರು ಅರ್ಧ ಗಂಟೆ ಕಣ್ಣೆದುರಿಗೇ ಅದನ್ನು ದುಡಿಸಿ ನೋಡಬೇಕು, ಫ್ಯಾನಿನ ಸದ್ದನ್ನು ಆಲಿಸಬೇಕು, ಮೈಮೇಲಿನ ಕ್ರಮಸಂಖ್ಯೆಯನ್ನು ಬಿಲ್ಲಿನೊಡನೆ ತಾಳೆ ನೋಡಬೇಕು.

ಬಿಲ್ಲಿನ ವಿಷಯದಲ್ಲಿ ಈ ಬೀದಿಯಲ್ಲಿ ಒಂದು ಹಳೆಯ ಪ್ರಶ್ನೆ ಕೇಳಿಬರುತ್ತದೆ: “ಬಿಲ್ ಬೇಕಾ, ಬೇಡ್ವಾ?” ಬೇಡವೆಂದರೆ ನೂರಕ್ಕೆ 18ರ ತೆರಿಗೆ ಉಳಿದಂತೆ ಕಾಣುತ್ತದೆ. ಆರು ತಿಂಗಳ ಮೇಲೆ ಎಸ್.ಎಸ್.ಡಿ. ಕೈಕೊಟ್ಟಾಗ ಖಾತರಿಗೆ ಕೇಳುವ ಮೊದಲ ಕಾಗದವೇ ಆ ಬಿಲ್ಲು. ತಂದೆ ಬಿಲ್ಲು ಬರೆಸಿಕೊಂಡು, ನಾಲ್ಕಾಗಿ ಮಡಿಸಿ ಕನ್ನಡಕದ ಡಬ್ಬಿಯೊಳಗಿಟ್ಟರು.

ಹೊರಡುವಾಗ ಹಿರಿಯರು ಒಂದು ಸಣ್ಣ ಕೊಳವೆಯನ್ನು ಚೀಲಕ್ಕೆ ಹಾಕಿದರು. ಅದಕ್ಕೆ ಹಣ ಹಿಡಿಯಲಿಲ್ಲ. ಪ್ರೊಸೆಸರಿನ ಮೈಗೂ ಅದನ್ನು ತಂಪುಗೊಳಿಸುವ ಲೋಹಕ್ಕೂ ನಡುವೆ ಹಚ್ಚುವ ಥರ್ಮಲ್ ಪೇಸ್ಟು ಅದು. ವರ್ಷಗಳು ಕಳೆದಂತೆ ಅದು ಒಣಗುತ್ತದೆ. ಫ್ಯಾನಿನ ರೆಕ್ಕೆಗಳಲ್ಲಿ ಧೂಳು ಮೆತ್ತಿಕೊಳ್ಳುತ್ತದೆ. ಶಾಖ ಹೊರಹೋಗದೆ ಪ್ರೊಸೆಸರು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. “ಹೊಸದು ಹಾಕೋದಕ್ಕೆ ಮುಂಚೆ ಹಳೇದರ ಧೂಳು ಹೊಡಿ. ಹಾಗೇ ಹಳೇ ಡಿಸ್ಕಿನ ಫೋಟೋಗಳನ್ನೆಲ್ಲಾ ಮೊದಲು ಬೇರೆ ಕಡೆ ಇಳಿಸಿಕೋ, ಯಂತ್ರ ಮತ್ತೆ ಸಿಗುತ್ತೆ, ಅವು ಸಿಗೋದಿಲ್ಲ” ಎಂದರು.

ತಂದೆ ಮಕ್ಕಳು ಬೀದಿಯ ತುದಿಯಲ್ಲಿ ನಿಂತು ಕಾಫಿ ಕುಡಿದರು. ಸಂಜೆಯಾಗುತ್ತಿತ್ತು. ಒಬ್ಬ ಕೂಲಿಯವನು ತಲೆಯ ಮೇಲೆ ಎಂಟು ಮಾನಿಟರುಗಳ ಪೆಟ್ಟಿಗೆಗಳನ್ನು ಹೊತ್ತು, ಆಟೋಗಳ ನಡುವೆ ನೀರಿನಂತೆ ಹರಿದುಹೋದ. ಒಂಬತ್ತು ವರ್ಷದ ಹಿಂದೆ ಅಕ್ಕ ಇಲ್ಲಿಯೇ ಎಲ್ಲಿಯೋ ನಿಂತು, ಇದ್ದ ಹಣವನ್ನು ಮತ್ತೆ ಮತ್ತೆ ಎಣಿಸಿರಬೇಕು.

ಆ ರಾತ್ರಿ ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ಬಿಚ್ಚಿದಾಗ ಒಳಗೆ ಬೂದುಬಣ್ಣದ ಧೂಳಿನ ಕಂಬಳಿ. ಅದನ್ನು ಕುಂಚದಿಂದ ಗುಡಿಸಿ, ಪೇಸ್ಟು ಹಚ್ಚಿ, ಫೋಟೋಗಳನ್ನು ಇಳಿಸಿಕೊಂಡು, ಹಳೆಯ ಡಿಸ್ಕಿನಿಂದ ಹೊಸದಕ್ಕೆ ಎಲ್ಲವನ್ನೂ ವರ್ಗಾಯಿಸುವುದರೊಳಗೆ ಹತ್ತು ಗಂಟೆ ದಾಟಿತ್ತು. ಚಿತ್ರ ಮೊದಲಿಗಿಂತ ಸುಂದರವಾಗೇನೂ ಕಾಣಲಿಲ್ಲ. ಕಾರ್ಡು ಹಳೆಯದೇ ತಾನೆ. ದಟ್ಟಣೆಯ ಬೀದಿಗಳಲ್ಲಿ ವೇಗ ಸ್ವಲ್ಪ ಕುಗ್ಗುತ್ತಲೂ ಇತ್ತು. ಆದರೆ ಅದು ಎಲ್ಲಿಯೂ ಮುಗ್ಗರಿಸಲಿಲ್ಲ. ಗಾಲಿ ಅರ್ಧ ನಿಮಿಷವೂ ಸುತ್ತಲಿಲ್ಲ. ಹುಡುಗ ನಗರದ ಹೆಬ್ಬಾಗಿಲಲ್ಲಿ ಒಬ್ಬನೇ ನಿಂತು ಅತ್ತಿತ್ತ ನೋಡುತ್ತಿದ್ದ.

ಸ್ವಲ್ಪ ಹೊತ್ತಿನ ಮೇಲೆ ಪುಣೆಯಿಂದ ಅಕ್ಕನ ದನಿ ಕೇಳಿಸಿತು.

“ಏನೋ ಇದು, ನನಗಿಂತ ಮುಂಚೆಯೇ ಬಂದು ಕಾಯ್ತಾ ಇದ್ದೀಯಲ್ಲೋ!”

ಒಳಕೋಣೆಯಲ್ಲಿ ತಂದೆ ಕನ್ನಡಕದ ಡಬ್ಬಿಯಿಂದ ಬಿಲ್ಲನ್ನು ತೆಗೆದು, ಮನೆಯ ಕಾಗದಪತ್ರಗಳ ಕಡತದೊಳಗೆ ಸೇರಿಸಿ, ದೀಪವಾರಿಸಿದರು.